ಲಾಲಮ್ಮನಿಗೆ ಮೀಸೆ ಬಂದ ದಿನ

ಪ್ರಾಣೇಶನ ಅಷ್ಟೂ ಸಂಕಟಕ್ಕೆ ಮೂಲ ಲಾಲಮ್ಮನ ಮೂಗಿನ ಕೆಳಗೆ ಬಿದ್ದಿದ್ದ ಒಂದಿಷ್ಟು ನೆರಳು. ಆ ನೆರಳು ಎಷ್ಟೋ ವರ್ಷಗಳಿಂದ ಯಾರ ತಂಟೆಗೂ ಹೋಗದೆ ಹಳೆಯ ಫೋಟೊದೊಳಗೆ ತೆಪ್ಪಗೆ ಕುಳಿತಿತ್ತು. ೨೦೦೩ರಲ್ಲಿ ಪ್ರಾಣೇಶ ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ತನ್ನ ‘ಹರಿಪ್ರಿಯಾ ಕಂಪ್ಯೂಟರ್ಸ್’ಗೆ ಹೈದರಾಬಾದಿನಿಂದ ಸ್ಕ್ಯಾನರ್ ತಂದ ಮೇಲೆಯೇ ಅದು ಬಾಲ ಬಿಚ್ಚಿದ್ದು.

ಲಾಲಮ್ಮ ಯಾರು ಎಂದು ಸೇಡಮ್ಮಿನಲ್ಲಿ ಕೇಳಿದರೆ, ಕೇಳಿದವರನ್ನೇ ಜನ ಮೇಲಿಂದ ಕೆಳಗೆ ನೋಡುತ್ತಾರೆ. ಆಕೆ ಸೂಲಗಿತ್ತಿ. ಊರಿನ ಅರ್ಧ ಜನ ಈ ಲೋಕದಲ್ಲಿ ಮೊದಲು ಕಂಡದ್ದು ಆಕೆಯ ಮುಖ, ಹೆತ್ತ ತಾಯಿಯ ಮುಖ ಕಂಡದ್ದು ಆಮೇಲೆ. ಕಾಗಿಣಾ ತುಂಬಿ ಹರಿಯುವಾಗ ಬೆಲ್ಲದ ಕೊಪ್ಪರಿಗೆಯಲ್ಲಿ ಕುಳಿತು ಆಚೆ ದಡಕ್ಕೆ ಹೋಗಿ ಹೆರಿಗೆ ಮಾಡಿಸಿ ಬಂದ ಗಟ್ಟಿಗಿತ್ತಿ. ಸಾವುಕಾರರ ಸೊಸೆಗೂ ಕಲ್ಲುಗಣಿಯ ಕೂಲಿಯವಳಿಗೂ ಒಂದೇ ಬೈಗುಳ, ಒಂದೇ ಬಿಸಿನೀರು, ಒಂದೇ ಅಕ್ಕರೆ. ಅಂಥವಳು ತೀರಿಕೊಂಡ ಮೇಲೆ ಊರಿನವರೇ ಸೇರಿ ಒಂದು ಹೆರಿಗೆ ಕೋಣೆ ಕಟ್ಟಿಸಿ ಆಕೆಯ ಹೆಸರಿಟ್ಟಿದ್ದರು. ಈ ಸಂಗತಿ ನಡೆದ ಮರುದಿನ ಬೆಳಿಗ್ಗೆ ಉದ್ಘಾಟನೆ. ಬಾಗಿಲ ಪಕ್ಕದಲ್ಲಿ ನಿಲ್ಲಿಸಲು ಶಹಾಬಾದಿನಲ್ಲಿ ಕಲ್ಲು ತಯಾರಿತ್ತು, ಅದರ ಮೇಲೆ ಲಾಲಮ್ಮನ ಮುಖ ಕೆತ್ತುವುದೊಂದೇ ಬಾಕಿ.

ಪ್ರಾಣೇಶನಿಗೆ ಇದು ಬರೀ ಅಂಗಡಿಯ ಕೆಲಸವಾಗಿರಲಿಲ್ಲ. ಅವನು ಹುಟ್ಟಿದಾಗ ಅಳಲಿಲ್ಲವಂತೆ, ಮೈಯೆಲ್ಲ ನೀಲಿ. ಇದು ಉಳಿಯುವ ಕೂಸಲ್ಲ ಎಂದು ಮನೆಮಂದಿಯೆಲ್ಲ ಕೈಚೆಲ್ಲಿದಾಗ ಲಾಲಮ್ಮ ಕಾಲು ಹಿಡಿದು ತಲೆಕೆಳಗು ಮಾಡಿ, ಬೆನ್ನಿಗೆ ನಾಲ್ಕು ಬಿಟ್ಟು ಉಸಿರು ತರಿಸಿದ್ದಳು. ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಕಿವಿ ಹಿಂಡಿ ಒಂದೇ ಮಾತು. “ಬ್ರಹ್ಮ ನಿನ್ನ ಹೆಸರಿನ ಮುಂದ ‘ರದ್ದು’ ಅಂತ ಬರ್ದಿದ್ದ ಮಗಾ. ನಾ ಅಳಿಸಿ ತಂದೀನಿ. ನೆಪ್ಪಿಟ್ಕೋ!” ಆಕೆಯ ಮುಖ ಕಲ್ಲಿನಲ್ಲಿ ಬರೋಬ್ಬರಿ ಮೂಡಬೇಕು, ಹಣೆಯ ಒಂದು ಗೆರೆಯೂ ತಪ್ಪಬಾರದು ಎಂದು ಪ್ರಾಣೇಶ ಮನಸ್ಸಿನಲ್ಲೇ ಹರಕೆ ಹೊತ್ತಿದ್ದ.

ಲಾಲಮ್ಮ ತೆಗೆಸಿಕೊಂಡಿದ್ದು ಇಡೀ ಜನ್ಮದಲ್ಲಿ ಒಂದೇ ಫೋಟೊ. ಅದು ಪಕ್ಕದ ಹೊಲಿಗೆ ಅಂಗಡಿಯ ಜೈಬುನ್ನೀಸಾಳ ಹತ್ತಿರ ಇತ್ತು. ಆ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವುದೇ ತಡ, ಆಕೆ ಅದನ್ನು ಮಖಮಲ್ಲಿನ ತುಂಡಿನಲ್ಲಿ ಸುತ್ತಿಕೊಂಡು ಬಂದಳು.

“ನೋಡ್ರಿ ಪ್ರಾಣೇಶ ಭಯ್ಯಾ, ಈ ಫೋಟೊ ನನ್ನ ಕಣ್ಣ ಮುಂದಿಂದ ಆ ಕಡಿ ಈ ಕಡಿ ಆಗಬಾರ್ದು. ಊರು ಅಂತೂ ಬಿಲಕುಲ್ ದಾಟಬಾರ್ದು. ಲಾಲಮ್ಮ ಇದನ್ನ ನಮ್ಮ ಅತ್ತಿಗೆ ಕೊಟ್ಟಿದ್ದಳು. ಅತ್ತಿ ಸಾಯೂಮುಂದ ಬಂಗಾರ ನನ್ನ ನಾದಿನಿಗೆ ಕೊಟ್ಟು, ಇದು ನನಗ ಕೊಟ್ಟಾಳ.”

ಅದಕ್ಕೇ ಸ್ಕ್ಯಾನ್ ಮಾಡಿ, ದೊಡ್ಡದಾಗಿ ಹಾಳೆಯ ಮೇಲೆ ತೆಗೆದು, ಆ ಹಾಳೆಯನ್ನು ಶಹಾಬಾದಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಒಯ್ಯುವ ಹೊಣೆ ವಿಠ್ಠಲ್ ಕಾಕಾ ಅವರದು. ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿ ನಿವೃತ್ತರಾದ ಕಾಕಾ ಅವರಿಗೆ ರೈಲಿನ ಪಾಸು ಇತ್ತು, ಮನೆಯಲ್ಲಿ ಕೆಲಸ ಇರಲಿಲ್ಲ. ಹೀಗಾಗಿ ಸೇಡಮ್ಮಿನಲ್ಲಿ ಯಾರದೇ ಸಾಮಾನು ಎಲ್ಲಿಗೇ ಹೋಗಬೇಕಾದರೂ ಅವರೇ ಎದೆ ಮುಂದೆ ಮಾಡುತ್ತಿದ್ದರು. ಈಗಲೂ ಮಧ್ಯಾಹ್ನದ ಗಾಡಿಗೆ ಬೆಳಿಗ್ಗೆಯೇ ತಯಾರಾಗಿ, ಸ್ಕ್ಯಾನರಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಿದ್ದರು.

“ನಡಸಪ್ಪ ನಡಸು. ಸಿಗ್ನಲ್ ಬಿದ್ದದ,” ಎಂದರು ಕಾಕಾ.

ಫೋಟೊ ಕಪ್ಪು ಬಿಳುಪಿನದು. ಆದ್ದರಿಂದ ಪ್ರಾಣೇಶ ಯಂತ್ರದಲ್ಲಿ ಕಪ್ಪು ಬಿಳುಪು ಎಂಬುದನ್ನೇ ಒತ್ತಿದ. ನೀವಾಗಿದ್ದರೂ ಅದನ್ನೇ ಒತ್ತುತ್ತಿದ್ದಿರಿ. ಆದರೆ ಯಂತ್ರ ಹುಂಬ. ಅದಕ್ಕೆ ಕಪ್ಪು ಎಂದರೆ ಇದ್ದಿಲು, ಬಿಳುಪು ಎಂದರೆ ಸುಣ್ಣ, ನಡುವೆ ಮತ್ತೇನೂ ಇಲ್ಲ. ಒಂದೊಂದು ಚುಕ್ಕೆಗೂ ಅದು ಇಟ್ಟುಕೊಳ್ಳುವುದು ಒಂದೇ ಬಿಟ್, ಅಂದರೆ ಗೋಡೆಯ ಸ್ವಿಚ್ಚಿನ ಹಾಗೆ, ಹಾಕಿದರೆ ಬಿಳಿ, ಆರಿಸಿದರೆ ಕರಿ. ಮಬ್ಬು, ಬೂದಿ, ನಸುಗಪ್ಪು ಇವೆಲ್ಲ ಯಾವುದಾದರೊಂದು ಪಕ್ಷ ಸೇರಲೇಬೇಕು. ಲಾಲಮ್ಮನ ಮೂಗಿನ ಕೆಳಗಿನ ನೆರಳು ಕರಿಯ ಪಕ್ಷ ಸೇರಿತು. ಹಾಳೆ ಹೊರಗೆ ಬಂದಾಗ ಲಾಲಮ್ಮನಿಗೆ ಹುರಿ ಮಾಡಿದಂಥ ಮೀಸೆ ಬಂದಿತ್ತು.

“ಯಾ ಅಲ್ಲಾ!” ಎಂದು ಜೈಬುನ್ನೀಸಾ ಫೋಟೊವನ್ನು ಯಂತ್ರದ ಬಾಯಿಂದ ಕಿತ್ತುಕೊಂಡಳು. “ಏನ್ ಮಾಡಿದ್ರಿ ಭಯ್ಯಾ ಇದು? ಹೆಣ್ಮಗಳಿಗೆ ಮೀಸಿ ಇಟ್ರಿ!”

“ನಾ ಇಟ್ಟಿಲ್ಲ ಆಪಾ, ಮಷೀನು ಇಟ್ಟದ.”

“ಚಲೋ ಕಾಣತದ ಬಿಡ್ರಿ,” ಎಂದರು ವಿಠ್ಠಲ್ ಕಾಕಾ, ಹಾಳೆಯನ್ನು ದೂರ ಹಿಡಿದು. “ನಮ್ಮ ಸ್ಟೇಷನ್ ಮಾಸ್ತರಂಗ.”

ಪ್ರಾಣೇಶನದು ಒಂದು ಪದ್ಧತಿ. ಕೆಟ್ಟ ಹಾಳೆಯ ಬುಡದಲ್ಲಿ ದಪ್ಪ ಕರಿ ಮಾರ್ಕರಿನಿಂದ ‘ರದ್ದು’ ಎಂದು ಬರೆದು ಕೆಳಗೆ ತನ್ನ ಹೆಸರು ಬರೆಯುವುದು. ಒಮ್ಮೆ ತಪ್ಪು ಕರಡೇ ಪ್ರೆಸ್ಸಿಗೆ ಹೋಗಿ, ಮದುವೆಯ ಕಾರ್ಡಿನಲ್ಲಿ ವರನ ಜಾಗದಲ್ಲಿ ವರನ ಮಾವನ ಹೆಸರು ಅಚ್ಚಾಗಿ, ಎರಡು ಬೀಗರ ಮನೆಯವರೂ ಅಂಗಡಿಗೆ ಬಂದು ಹೋದ ಮೇಲೆ ಬಂದ ಬುದ್ಧಿ ಅದು. ಈಗಲೂ ಅವನು ‘ರದ್ದು’ ಎಂದು ಬರೆದು, ಕೆಳಗೆ ‘ಪ್ರಾಣೇಶ’ ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು, ಹಾಳೆಯನ್ನು ಬುಟ್ಟಿಗೆ ಹಾಕಿದ.

ಅಷ್ಟರಲ್ಲಿ ಹೆರಿಗೆ ಕೋಣೆ ಕಟ್ಟಿಸಿದ ಸಮಿತಿಯ ಅಧ್ಯಕ್ಷರಾದ ಸಿದ್ದಲಿಂಗೇಶ ಸಾವುಕಾರರು ಬಂದರು. ತೊಗರಿಬೇಳೆಯ ವ್ಯಾಪಾರಿ, ಉದಾರಿ. ಆದರೆ ಯಾವುದೇ ಕೆಲಸವಿರಲಿ, ಕೊನೆಯ ಮಾತು ತಮ್ಮದೇ ಆಗಬೇಕು.

“ಕಲರ್ ಹಾಕು,” ಎಂದರು ಕೂಡುವ ಮುಂಚೆಯೇ.

“ಸಾವ್ಕಾರ್ರ, ಫೋಟೊನೇ ಕರಿ-ಬಿಳಿ ಅದರಿ.”

“ಮಷೀನು ಕಲರ್ದು ಹೌದಿಲ್ಲೋ?”

“ಹೌದ್ರಿ.”

“ಎಷ್ಟು ಬಣ್ಣ ಗುರ್ತು ಹಿಡೀತದ ಅದು?”

“ಇಪ್ಪತ್ನಾಕು ಬಿಟ್ ಇಟ್ರ ಒಂದು ಕೋಟಿ ಅರವತ್ತು ಲಕ್ಷದ ಮ್ಯಾಲರಿ.”

“ಅಷ್ಟರಾಗ ಲಾಲಮ್ಮನ ಹಸರ ಸೀರಿ ಒಂದು ಸಿಗಲ್ಲೇನು ನಿನಗ?”

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಗುಂಡಿ ಒತ್ತುವುದೇ ಸುಲಭವೆಂದು ಪ್ರಾಣೇಶ ಒತ್ತಿದ. ಒಂದು ಕೋಟಿ ಅರವತ್ತು ಲಕ್ಷ ಬಣ್ಣಗಳಲ್ಲಿ ಯಂತ್ರಕ್ಕೆ ಸಿಕ್ಕಿದ್ದು ಎರಡು. ಹಳೆಯ ಕಾಗದದ ಕಂದು, ಮತ್ತು ಒಂದು ಮೂಲೆಯಲ್ಲಿ ಯಾವಳೋ ಬಾಣಂತಿ ಒತ್ತಿದ ಅರಿಷಿಣದ ಬೆರಳಚ್ಚು. ಸೀರೆ ಹಸಿರಾಗಲಿಲ್ಲ. ಆ ಕ್ಯಾಮರಾ ಹಿಡಿಯದೇ ಬಿಟ್ಟಿದ್ದನ್ನು ಈ ಸ್ಕ್ಯಾನರ್ ಎಲ್ಲಿಂದ ತಂದೀತು? ಆದರೆ ಆ ಅರಿಷಿಣ ಕಂಡು ಜೈಬುನ್ನೀಸಾಳ ಕಣ್ಣು ತುಂಬಿತು. ಯಾರ ಬೆರಳೋ ಏನೋ, ಫೋಟೊವನ್ನು ಕಣ್ಣಿಗೊತ್ತಿಕೊಂಡಿರಬೇಕು ಎಂದಳು ಆಕೆ. ಸಾವುಕಾರರೂ ಪರದೆಯ ಮೇಲಿನ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, “ಮತ್ತ ಸೀರಿ ಎಲ್ಲದ?” ಎಂದರು.

ಪ್ರಾಣೇಶ ಅವರದೇ ದಾರಿ ಹಿಡಿದ. “ಸಾವ್ಕಾರ್ರ, ನಿಮ್ಮ ಅಂಗಡ್ಯಾಗ ಬ್ಯಾಳಿ ಅಂದ್ರ ಒಂದೇ ನಮೂನಿ ಅದೇನ್ರಿ?”

“ಹುಚ್ಚದೀಯೇನು? ಫಟ್ಕಾ ಬ್ಯಾರೆ, ಸಾದಾ ಬ್ಯಾರೆ, ಚುನ್ನಿ ಬ್ಯಾರೆ.”

“ಹಂಗೇ ಕರಿಯೊಳಗೂ ದರ್ಜಾ ಅವರಿ. ಮೊದಲಿನ ಸಲ ಮಷೀನು ಎರಡೇ ಚೀಲ ಇಟ್ಟಿತ್ತು. ಒಂದು ಕರಿ, ಒಂದು ಬಿಳಿ. ಎಂಟು ಬಿಟ್ ಕೊಟ್ರ ಎರಡುನೂರಾ ಐವತ್ತಾರು ಚೀಲ ಇಡ್ತದ. ಕರಿಯಿಂದ ಬಿಳಿತನಕ ಒಂದೊಂದು ನೆರಳಿಗೂ ಒಂದೊಂದು.”

“ಎರಡುನೂರಾ ಐವತ್ತಾರು ದರ್ಜಾ!” ಸಾವುಕಾರರು ಬೆರಗಾಗಿ ಶಲ್ಯ ಸರಿಮಾಡಿಕೊಂಡರು. “ಅಷ್ಟು ನಮ್ಮ ದಾಲ್ ಮಿಲ್ಲಿನಾಗೂ ಇಲ್ಲಲ್ಲೋ. ಹಾಕು, ಹಾಕು.”

ಈ ಸಲ ಪರದೆಯ ಮೇಲೆ ಮೂಡಿದವಳು ಲಾಲಮ್ಮನೇ. ಮೀಸೆ ಕರಗಿ ಮತ್ತೆ ಮೂಗುತಿಯ ನೆರಳಾಯಿತು. ಹಣೆಯ ಗೆರೆ, ಕೆನ್ನೆಯ ಕುಳಿ, ಬೈಯಲು ಅರ್ಧ ತೆರೆದ ತುಟಿ, ಎಲ್ಲ ಬಂದವು. ಸೀರೆಯ ಮಡಿಕೆ ಮಾತ್ರ ಇನ್ನೂ ಕಗ್ಗತ್ತಲೆ. ಪ್ರಾಣೇಶನಿಗೆ ಅಲ್ಲಿಗೇ ನಿಲ್ಲಿಸುವ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಯಂತ್ರಕ್ಕೆ ಇನ್ನೂ ಆಳದ ಓದು ಗೊತ್ತಿತ್ತು, ಹದಿನಾರು ಬಿಟ್. ಎರಡುನೂರಾ ಐವತ್ತಾರು ಚೀಲದ ಜಾಗದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು. ಅದನ್ನು ಒತ್ತಿದ. ಸ್ಕ್ಯಾನರಿನ ದೀಪ ಏರು ಹತ್ತುವ ಎತ್ತಿನಂತೆ ತೆವಳಿತು, ಕಂಪ್ಯೂಟರ್ ಎರಡು ಸಲ ಮೂರ್ಛೆ ಹೋಗಿ ಎದ್ದಿತು. ವಿಠ್ಠಲ್ ಕಾಕಾ ಗಡಿಯಾರ ನೋಡಿ ನೋಡಿ, ಕೊನೆಗೆ ಚಹಾ ಕುಡಿಯುವ ನೆಪದಲ್ಲಿ ಎದ್ದುಹೋದರು.

ಪ್ರಾಣೇಶ ಕತ್ತಲೆಯ ಭಾಗವನ್ನಷ್ಟೇ ಮೆಲ್ಲಗೆ ಬೆಳಗಿಸುತ್ತ ಬಂದ. ಸೀರೆಯ ಮಡಿಕೆ ಒಂದೊಂದಾಗಿ ಬಿಡಿಸಿಕೊಂಡಿತು. ಆ ಮಡಿಕೆಯೊಳಗಿಂದ ಏನೋ ಒಂದು ಹೊರಗೆ ಬಂತು, ಹುಣಸೆಬೀಜದಷ್ಟು ಸಣ್ಣ ಸಣ್ಣ ಬೆರಳುಗಳು. ಒಂದು ಮುಷ್ಟಿ. ಲಾಲಮ್ಮ ಸೆರಗಿನಲ್ಲಿ ಆಗತಾನೆ ಹುಟ್ಟಿದ ಕೂಸೊಂದನ್ನು ಮುಚ್ಚಿ ಹಿಡಿದುಕೊಂಡೇ ಫೋಟೊಕ್ಕೆ ನಿಂತಿದ್ದಳು!

“ಇಷ್ಟು ವರ್ಷ ನನ್ನ ಪೆಟಿಗ್ಯಾಗ ಇತ್ತು,” ಎಂದಳು ಜೈಬುನ್ನೀಸಾ, ದನಿ ಇಳಿಸಿ. “ಕೂಸು ಅದ ಅಂತ ಯಾರಿಗೂ ಮಾಲೂಮಿಲ್ಲ.”

ಸಾವುಕಾರರು ಪರದೆಗೆ ಕೈಮುಗಿದರು. ಫೋಟೊ ತೆಗೆಯುವ ಎರಡು ಕ್ಷಣದ ಮಟ್ಟಿಗೂ ಕೂಸನ್ನು ಕೆಳಗಿಡದವಳು! ಈ ಮುಷ್ಟಿ ಕಲ್ಲಿನ ಮೇಲೆ ಮೂಡದಿದ್ದರೆ ತಾನು ಉಸಿರಾಡಿದ್ದೇ ದಂಡ ಎಂದುಕೊಂಡ ಪ್ರಾಣೇಶ.

ಮುದ್ರಿಸಲು ಕೊಟ್ಟ. ಹಣೆಯವರೆಗೆ ಬಂದಾಗ ಕರೆಂಟು ಹೋಯಿತು. ಆ ಅರ್ಧ ಹಾಳೆಗೂ ‘ರದ್ದು, ಪ್ರಾಣೇಶ’ ಎಂದು ಬರೆದು ಬುಟ್ಟಿಗೆ ಹಾಕಲು ಬಗ್ಗಿದವನು ಹಾಗೇ ನಿಂತ. ಬುಟ್ಟಿ ಖಾಲಿ.

“ಆಪಾ, ಇದರಾಗಿಂದು ಹಾಳಿ?”

“ಅದಾ? ವಿಠ್ಠಲ್ ಕಾಕಾ ಆಗಳೇ ಒಯ್ದ್ರಲ್ಲ. ನೀವು ಮಷೀನಿನಾಗ ಮುಳುಗಿದ್ರಿ, ಗಾಡಿ ತಪ್ಪತದ ಅಂದ್ರು.”

“ಅದು ರದ್ದು ಮಾಡಿದ್ದು ಆಪಾ! ಅದಕ ಮೀಸಿ ಅದ!”

“ನಾನೂ ಹಂಗೇ ಅಂದೆ. ‘ಒಂದು ಮೀಸಿ ಅಲ್ಲೇನು, ಸಾಯಬಣ್ಣ ಬೋಳಸ್ತಾನ’ ಅಂತ ಅಂದು ಹೊಂಟೇಬಿಟ್ರು.”

ಸಾಯಬಣ್ಣ ಎಂದರೆ ಶಹಾಬಾದಿನ ಕಲ್ಲು ಕೆತ್ತುವವ. ಅವನ ಕಲ್ಲಿನ ಕಾರ್ಖಾನೆಗೆ ಫೋನಿರಲಿಲ್ಲ. ಮಧ್ಯಾಹ್ನದ ಗಾಡಿ ಆಗಲೇ ಹೋಗಿತ್ತು. ಕರೆಂಟು ಬಂದ ಕೂಡಲೇ ಪ್ರಾಣೇಶ ಹಾಳೆ ಮುದ್ರಿಸಿಕೊಂಡು, ಎರಡು ರಟ್ಟಿನ ನಡುವೆ ಇಟ್ಟುಕೊಂಡು, ಊಟವನ್ನೂ ಮಾಡದೆ ಚಿತ್ತಾಪುರದ ಬಸ್ಸಿಗೆ ಹಾರಿದ.

ಚಿತ್ತಾಪುರದಲ್ಲಿ ಇಳಿದಾಗ ವಾಡಿಯ ಬಸ್ಸು ಹೊರಟುಹೋಗಿತ್ತು. ಸಿಮೆಂಟಿನ ಖಾಲಿ ಚೀಲ ಹೇರಿಕೊಂಡು ಹೊರಟಿದ್ದ ಲಾರಿಯ ಹಿಂದೆ ಹತ್ತಿದ. ಗಾಳಿಗೆ ಚೀಲಗಳೆಲ್ಲ ಕೊಡವಿಕೊಂಡವು. ವಾಡಿ ಮುಟ್ಟುವಷ್ಟರಲ್ಲಿ ಪ್ರಾಣೇಶನ ಅಂಗಿ, ಕೂದಲು, ಹುಬ್ಬು, ಖರೇ ಮೀಸೆ ಎಲ್ಲ ಬೂದಿ ಬಣ್ಣಕ್ಕೆ ತಿರುಗಿ, ಅವನೇ ಎಂಟು ಬಿಟ್ಟಿನ ಮನುಷ್ಯನಾಗಿದ್ದ. ರಟ್ಟಿನೊಳಗಿನ ಲಾಲಮ್ಮನ ಮೇಲೆ ಮಾತ್ರ ಒಂದು ಕಣ ಧೂಳು ಬೀಳಲು ಬಿಟ್ಟಿರಲಿಲ್ಲ.

ವಾಡಿಯ ಚಹಾ ಹೋಟೆಲಿನ ಮುಂದೆ ಇಳಿಯುವಾಗ ಲಾರಿಯ ಡ್ರೈವರ್, “ಏನ್ರಿ ಅದು, ಕೂಸಿನಂಗ ಹಿಡ್ಕೊಂಡೀರಿ?” ಎಂದು ಕೇಳಿದ. ಪ್ರಾಣೇಶ ತೆರೆದು ತೋರಿಸಿದ್ದೇ ತಪ್ಪಾಯಿತು.

“ಅರೆ, ಲಾಲಮ್ಮ!” ಎಂದು ಡ್ರೈವರ್ ಚಪ್ಪಲಿ ಬಿಟ್ಟು ನಿಂತ. “ನನ್ನ ಎರಡೂ ಮಕ್ಕಳು ಈಕಿ ಕೈಯಾಗ ಹುಟ್ಯಾವರಿ. ಒಂದು ರೂಪಾಯಿ ಮುಟ್ಟಲಿಲ್ಲ, ಮ್ಯಾಲ ನನಗೇ ಬೈದು ಹೋದಳು.” ಅವನು ಹೋಟೆಲಿನವನನ್ನು ಕರೆದ, ಹೋಟೆಲಿನವನು ಹೆಂಡತಿಯನ್ನು ಕರೆದ, ಆಕೆ ಒಳಗಿನಿಂದ ಊದಿನಕಡ್ಡಿ ತಂದಳು. ಎಲ್ಲರೂ ಒಂದೊಂದು ಹೆರಿಗೆಯ ಕತೆ ಹೇಳಿದರು. ಪ್ರಾಣೇಶ ಸಂಕಟದ ನಡುವೆಯೂ ಹೆಮ್ಮೆಯಿಂದ ಬೀಗುತ್ತ ಎಲ್ಲವನ್ನೂ ಕೇಳಿದ. ಟಂಟಂ ಆಟೊ ಹಿಡಿದು ಶಹಾಬಾದ್ ಮುಟ್ಟಿದಾಗ ಬಿಸಿಲು ಇಳಿದಿತ್ತು.

ಸಾಯಬಣ್ಣನ ಕಾರ್ಖಾನೆಯಲ್ಲಿ ವಿಠ್ಠಲ್ ಕಾಕಾ ನೆಲಕ್ಕೆ ಹಾಸುವ ಪರ್ಸಿ ಕಲ್ಲುಗಳ ರಾಶಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಅವರ ಪಕ್ಕದಲ್ಲಿ ಕಲ್ಲು ನಿಂತಿತ್ತು. ಕೆಲಸ ಮುಗಿದಿತ್ತು.

ಬೈಯಲು ಬಾಯಿ ತೆರೆದ ಪ್ರಾಣೇಶ ತೆರೆದಂತೆಯೇ ನಿಂತ. ನೀಲಿಗಪ್ಪು ಕಲ್ಲಿನ ಮೇಲೆ ಲಾಲಮ್ಮ ಇದ್ದಳು. ಎರಡು ಕಣ್ಣು, ಮೂಗುತಿ, ಹಣೆಗೆ ಬಿದ್ದ ಸೆರಗು. ಇಷ್ಟೇ ಗೆರೆ. ಅರವತ್ತೈದು ಸಾವಿರ ನೆರಳಿನಲ್ಲಿ ಒಂದೂ ಇಲ್ಲ, ಆದರೂ ಆಕೆ ಈಗ ಕಿವಿ ಹಿಂಡುತ್ತಾಳೆ ಅನ್ನುವ ಹಾಗೆ ನೋಡುತ್ತಿದ್ದಳು. ಮೀಸೆಯ ಜಾಗ ನುಣ್ಣಗಿತ್ತು.

“ಎಂಥಾ ಕೈಯೋ ಸಾಯಬಣ್ಣ ನಿಂದು!” ಎಂದ ಪ್ರಾಣೇಶ, ತಾನು ತಂದ ಹಾಳೆಯನ್ನು ಮರೆತು. ಆಮೇಲೆ ನೆನಪಾಗಿ ತೆಗೆದು ತೋರಿಸಿದ.

ಸಾಯಬಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. “ಭಾಳ ಚಂದ ಅದರಿ ಸರ. ಆದರ ಇದು ಬಂದಿದ್ರ ನಾ ಉಳಿ ಎಲ್ಲಿ ಇಡ್ಲಿ? ಕಲ್ಲಿಗೆ ಕಡದದ್ದು, ಬಿಟ್ಟದ್ದು, ಎರಡೇರಿ. ಕಾಕಾ ತಂದ ಹಾಳಿ ಬರೋಬ್ಬರಿ ಇತ್ತು. ‘ಕರ್ರಗ ಇದ್ದಿದ್ದೆಲ್ಲ ಕಡಿ, ಬೆಳ್ಳಗ ಇದ್ದಿದ್ದೆಲ್ಲ ಬಿಡು, ಮೀಸಿ ಒಂದು ತಗಿ’ ಅಂತ ಹೇಳಿ ಮಲಗಿದ್ರು. ಹಂಗೇ ಮಾಡೀನಿ.”

ಪ್ರಾಣೇಶನ ಕಣ್ಣು ಮೆಲ್ಲಗೆ ಕಲ್ಲಿನ ಬುಡಕ್ಕೆ ಇಳಿಯಿತು. ಅಲ್ಲಿ, ಲಾಲಮ್ಮನ ಮುಖದ ಕೆಳಗೆ, ದಪ್ಪಗೆ, ಆಳವಾಗಿ, ಮುತ್ತು ಪೋಣಿಸಿದಂತೆ ಎರಡು ಸಾಲು ಇತ್ತು.

ರದ್ದು
ಪ್ರಾಣೇಶ

“ಸಾಯಬಣ್ಣ... ಇದು?”

“ನನಗ ಓದಾಕ ಬರಲ್ಲರಿ ಸರ. ಅದೂ ಕರ್ರಗಿತ್ತು, ಕಡದೆ.”

ಎಚ್ಚರಗೊಂಡ ವಿಠ್ಠಲ್ ಕಾಕಾ ಕನ್ನಡಕ ಹಾಕಿಕೊಂಡು ಓದಿ, “ಅಕ್ಷರ ಅಂತೂ ಥೇಟ್ ನಿಂದೇ ಬಂದದ ನೋಡೋ,” ಎಂದು ಮೆಚ್ಚಿದರು. ಅಳಿಸಲು ಕಲ್ಲೇನು ಹಾಳೆಯೇ? ಇನ್ನಷ್ಟು ಕಡಿದರೆ ಗುಂಡಿ ಬೀಳುತ್ತಿತ್ತು. ಸಿಮೆಂಟು ತುಂಬಿದರೆ ಹಲ್ಲಿಗೆ ಕಟ್ಟಿಸಿದ ಬೆಳ್ಳಿಯಂತೆ ಇನ್ನೂ ಎದ್ದು ಕಾಣುತ್ತಿತ್ತು. ಹೊಸ ಕಲ್ಲಿಗೆ ವೇಳೆಯಿರಲಿಲ್ಲ. ಲಾಲಮ್ಮ ಉಜ್ಜಿ ಅಳಿಸಿದ್ದನ್ನು ಪ್ರಾಣೇಶ ತನ್ನ ಕೈಯಾರೆ ಮತ್ತೆ ಬರೆದುಕೊಂಡಿದ್ದ.

ಮರುದಿನ ಊರೇ ನೆರೆದಿತ್ತು. ಪ್ರಾಣೇಶ ಮಂದಿಯ ಹಿಂದೆ, ಓಡಿಹೋಗಲು ಅನುಕೂಲವಾಗುವ ಕಡೆ ನಿಂತಿದ್ದ. ಇಡೀ ಊರಿನ ತಾಯಿಯನ್ನು ರದ್ದು ಮಾಡಿದವನು ಎಂದು ಕಲ್ಲು ತೂರಿದರೂ ತೂರಿಯಾರು ಎಂಬ ಭಯ ಅವನಿಗೆ. ಸಾವುಕಾರರು ಪರದೆ ಸರಿಸಿದರು. ಓದಿದರು. ಹುಬ್ಬು ಗಂಟಿಕ್ಕಿತು. ಪ್ರಾಣೇಶ ಒಂದು ಹೆಜ್ಜೆ ಹಿಂದೆ ಸರಿದ.

ಆಗ ಹೆಂಗಸರ ಗುಂಪಿನಿಂದ ಜೈಬುನ್ನೀಸಾ ಜೋರಾಗಿ ಕೂಗಿದಳು. “ಅಯ್ಯ, ಖರೇ ಅದಲ್ಲ! ಬ್ರಹ್ಮ ಪ್ರಾಣೇಶ ಭಯ್ಯಾನ ಹೆಸರಿಗೆ ರದ್ದು ಅಂತ ಬರ್ದಿದ್ದ, ನಾ ಅಳಿಸಿ ತಂದೆ ಅಂತ ಲಾಲಮ್ಮ ಸಾಯೂತನಕ ಹೇಳತಿದ್ದಳು. ಅದನ್ನೇ ಬರಸ್ಯಾರ! ಬ್ರಹ್ಮ ಬರ್ದಿದ್ದು ಕೆಳಗ, ಲಾಲಮ್ಮ ಮ್ಯಾಲ!”

“ಹೌದಲ್ಲ!” ಎಂದರು ಸಾವುಕಾರರು. ಚಪ್ಪಾಳೆ ಬಿತ್ತು. ಮುದುಕಿಯರು ಕಣ್ಣೊರಸಿಕೊಂಡರು. ಇಷ್ಟು ದೊಡ್ಡ ವಿಚಾರ ಯಾರ ತಲೆಯಲ್ಲಿ ಹೊಳೆಯಿತೆಂದು ಕೇಳಿದಾಗ ವಿಠ್ಠಲ್ ಕಾಕಾ ವಿನಯದಿಂದ ತಲೆ ತಗ್ಗಿಸಿದರು. ಶಾಲು ಅವರಿಗೇ ಹೋಯಿತು. ಪ್ರಾಣೇಶ ಮುಂದಕ್ಕೆ ಹೋಗಿ ತನ್ನ ಹದಿನಾರು ಬಿಟ್ಟಿನ ಹಾಳೆಯನ್ನು ತೋರಿಸಲು ನೋಡಿದ. ಯಾರೋ ಅದನ್ನು ಇಸಿದುಕೊಂಡು ಸಾವುಕಾರರಿಗೆ ಗಾಳಿ ಬೀಸಿದರು.

ಆ ದಿನದಿಂದ ಊರಿನಲ್ಲಿ ಅವನ ಹೆಸರು ರದ್ದು ಪ್ರಾಣೇಶ. ಬಾಣಂತಿಯರು ಮನೆಗೆ ಹೊರಡುವಾಗ ಕೂಸಿಗೆ ಆಯುಷ್ಯ ಬರಲೆಂದು ಕಲ್ಲಿನ ಆ ಎರಡು ಸಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬೀಸಣಿಕೆಯಾಗಿದ್ದ ಹಾಳೆಯನ್ನು ಪ್ರಾಣೇಶ ವಾಪಸು ಇಸಿದುಕೊಂಡು, ಸುಕ್ಕು ತೀಡಿ, ಅಂಗಡಿಯ ಗೋಡೆಗೆ ಹಚ್ಚಿದ. ಅರವತ್ತೈದು ಸಾವಿರ ದರ್ಜೆಯ ನೆರಳಿನ ಮಹಿಮೆಯನ್ನು ಬಂದ ಗಿರಾಕಿಗಳಿಗೆಲ್ಲ ಆ ಮುಷ್ಟಿ ತೋರಿಸಿ ಹೇಳಿದ.

ಒಂದು ತಿಂಗಳಾದ ಮೇಲೆ ಒಬ್ಬ ಎಳೆಯ ತಾಯಿ ತೊಟ್ಟಿಲು ಕಾರ್ಯದ ಕಾರ್ಡು ಮಾಡಿಸಲು ಬಂದಳು. ಕೈಯಲ್ಲಿ ಕೂಸಿನ ಕಲರ್ ಫೋಟೊ. ಪ್ರಾಣೇಶ ಹುರುಪಿನಿಂದ ಇಪ್ಪತ್ತನಾಲ್ಕು ಬಿಟ್ಟಿಗೆ ಕೈ ಹಾಕಿದ.

“ಅದು ಬ್ಯಾಡ್ರಿ ಅಣ್ಣಾ,” ಎಂದಳು ಆಕೆ. “ಕಲ್ಲಿನ ಮ್ಯಾಲ ಲಾಲಮ್ಮಂದು ಅದ ಅಲ್ರಿ, ಬರೀ ಕರಿ, ಬರೀ ಬಿಳಿ? ಹಂಗೇ ಮಾಡ್ರಿ. ಈಗ ಊರಾಗ ಎಲ್ಲಾರೂ ಹಂಗೇ ಮಾಡಸಾಕತ್ಯಾರ. ಕೂಸಿನ ಹೆಸರು ಪ್ರಾಣೇಶ ಅಂತ ಹಾಕ್ರಿ.”

ಪ್ರಾಣೇಶ ನಿಟ್ಟುಸಿರು ಬಿಟ್ಟು ಒಂದು ಬಿಟ್ ಒತ್ತಿದ. ಹಾಳೆ ಹೊರಗೆ ಬಂತು. ಕೂಸಿಗೆ ಹುರಿ ಮಾಡಿದಂಥ ಮೀಸೆ. ಕೈ ತಾನಾಗಿಯೇ ಮಾರ್ಕ‌ರಿನ ಕಡೆಗೆ ಹೋಯಿತು. ಗೋಡೆಯ ಮೇಲಿನಿಂದ ಲಾಲಮ್ಮ ನೋಡುತ್ತಿದ್ದಳು. ಪ್ರಾಣೇಶ ಮಾರ್ಕರಿನ ಮುಚ್ಚಳ ಹಾಕಿ, ಮೀಸೆ ಅಳಿಸಲು ರಬ್ಬರು ಎಲ್ಲಿದೆಯೆಂದು ಹುಡುಕತೊಡಗಿದ.